ಪಟೇಲರ ಪಹಣಿ

“ನಿನ್ನ ಬಿಡುಗಡೆಗೆ ನನ್ನ ಎಕ್ಕಡ ಹೊಡಿಯಾ! ಏಳೇ ಮ್ಯಾಲೆ, ಮುಂಡೆ! ಕುರ್ಚಿ ಮ್ಯಾಲೆ ಕುಂತ್ಕಂಡು ಟೀ ಕುಡೀತಾಳೆ, ಏಳೇ!”

ಬೆಳಕಿಂಡಿ ಸಂಸ್ಥೆಯ ಆಫೀಸಿನ ಬಾಗಿಲಲ್ಲಿ ಸೌಂದರ್ಯ ನಿಂತಿದ್ದಳು. ಒಂದು ಕೈಯಲ್ಲಿ ಕಾಲಿಂದ ಕಿತ್ತ ಚಪ್ಪಲಿ, ಇನ್ನೊಂದರಲ್ಲಿ ಮುದ್ದೆ ಮಾಡಿದ ಗಂಡಸರ ಅಂಗಿ. ಸಿಂಗನಕೊಪ್ಪಲಿನಿಂದ ಹುಣಸೂರಿಗೆ ಮೊದಲ ಬಸ್ಸಿಗೇ ಬಂದಿದ್ದಳು. ತಲೆ ಬಾಚಿರಲಿಲ್ಲ.

ಪುಟ್ಟತಾಯಮ್ಮ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅವಳೂ ಅದೇ ಸಿಂಗನಕೊಪ್ಪಲಿನ ಕೇರಿಯವಳು. ಕೇರಿಯ ಬಾಯಿ ಅವಳಿಗೇನು ಹೊಸದಲ್ಲ.

“ಊ ಕಣೇ, ಮುಂಡೆನೇಯ. ಗಂಡ ಸತ್ತು ಆರ್ ವರ್ಸ ಆಯ್ತು, ನೀನು ಯೋಳಿ ಗೊತ್ತಾಗ್ಬೇಕಿಲ್ಲ. ನಿನ್ ಗಂಡನ್ನ ಜೈಲಿಂದ ಈಚಿಗೆ ತಂದು ನಿನ್ ಮಗ್ಲಿಗೆ ಬುಟ್ಟೋಳೂ ಇದೇ ಮುಂಡೆನೇ. ಮರ್ತೋಯ್ತಾ, ಲೌಡಿ?”

“ಮಗ್ಲಿಗಾ?” ಸೌಂದರ್ಯಳ ಹಲ್ಲು ಕಂಡವೇ ಹೊರತು ಮುಖ ನಗಲಿಲ್ಲ. “ಈಚಿಗೆ ಬಂದು ಇಪ್ಪತ್ತಾರು ದಿನ. ಒಂದ್ ದಿನ ನಮ್ಮಟ್ಟಿ ಒಸ್ಲು ತುಳಿದಿಲ್ಲ ಅವ್ನು. ಜೈಲ್ ಗೇಟಿಂದ ಪಟೇಲನ ಜೀಪು, ಜೀಪಿಂದ ಪಟೇಲನ ಒಗೆಸೊಪ್ಪಿನ ಬ್ಯಾರನ್ನು. ನೀನೇ ಅಲ್ವೇನೇ ಜೀಪು ಅತ್ಸಿದ್ದು? ‘ವೋಗಪ್ಪ ಮಹೇಂದ್ರ, ಯಜಮಾನ್ರು ಊರಿಗೆ ಬುಡ್ತಾರೆ’ ಅಂದೋಳು? ಬುಟ್ರು ನೋಡು ನಿನ್ ಯಜಮಾನ್ರು!”

ಅಂಗಿ ಬಂದು ಮೇಜಿನ ಮೇಲೆ ಬಿತ್ತು. ಟೀ ಚೆಲ್ಲಿತು. ಪುಟ್ಟತಾಯಮ್ಮ ಬಿಡಿಸಿದಳು. ಬೆನ್ನಿನ ಭಾಗ ಇರಲಿಲ್ಲ. ಅಲ್ಲೊಂದು ಮೊರದಗಲದ ತೂತು. ಸುಟ್ಟು ಕರಿಯಾದ ಅಂಚಿಗೆ ಈರುಳ್ಳಿ ಸಿಪ್ಪೆಯಂಥದ್ದು ಅಂಟಿಕೊಂಡಿತ್ತು. ಬೆರಳಲ್ಲಿ ಮುಟ್ಟಿದಳು. ಅದು ಚರ್ಮ.

“ಜೈಲಲ್ಲಿ ಮೂರೊತ್ತು ಉಣ್ತಿದ್ದ ಕಣೇ ನನ್ ಗಂಡ. ವಾರಕ್ಕೊಂದಪ ಬಾಡು ಕೊಡೋರು. ಯಾರ್ ಕೇಳಿದ್ರೇ ನಿನ್ನ, ಬುಡ್ಸು ಅಂತ?”

“ನೀನೇ ಕೇಳ್ದೆ! ಇದೇ ಬಾಗ್ಲಲ್ಲಿ ನನ್ ಕಾಲ್ ಇಡ್ಕಂಡು ಕೇಳ್ದೆ!”

ಅಷ್ಟೇ. ಚಪ್ಪಲಿ ಬೀಸಿ ಬಂತು. ಪುಟ್ಟತಾಯಮ್ಮನ ಕಿವಿಯ ಮೇಲೆ ಬಿತ್ತು. ಅವಳು ಸೌಂದರ್ಯಳ ಜುಟ್ಟು ಹಿಡಿದಳು, ಇವಳು ಅವಳ ಮಣಿಕಟ್ಟು ಕಚ್ಚಿದಳು. ಇಬ್ಬರೂ ಬೆಂಚಿನ ಮೇಲೆ, ಬೆಂಚು ನೆಲದ ಮೇಲೆ. ಗೋಡೆಗೆ ತೂಗುಹಾಕಿದ್ದ ಫೋಟೋ ಒಂದು ಕಳಚಿ ಬಿದ್ದು ಗಾಜು ಒಡೆಯಿತು. ಒಳಕೋಣೆಯಿಂದ ಕಿರಣ್‌ಕುಮಾರ್ ವಕೀಲರು ಓಡಿಬಂದು ಬಿಡಿಸುವಷ್ಟರಲ್ಲಿ ಸೌಂದರ್ಯಳಿಗೆ ಬೈಗುಳ ಮುಗಿದು ಬರೀ ಅಳು ಉಳಿದಿತ್ತು.

ಬಿದ್ದಿದ್ದು ಪಟೇಲ್ ನಟರಾಜಪ್ಪನ ಫೋಟೋ. ತಲೆಗೆ ಮೈಸೂರು ಪೇಟ, ಮೈಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಶಾಲು ಹೊದಿಸುತ್ತಿರುವ ಕೈ ಪುಟ್ಟತಾಯಮ್ಮನದು.

ಬೆಳಕಿಂಡಿಯಲ್ಲಿ ಅವಳು ಏಳು ವರ್ಷದಿಂದ ಇದ್ದಾಳೆ. ವಕೀಲರಿಡಲು ಗತಿಯಿಲ್ಲದೆ ಜೈಲಲ್ಲಿ ಕೊಳೆಯುವವರ ಹೆಸರು ಬರೆದುಕೊಂಡು ಬರುವುದು, ಅವರ ಮನೆ ಹುಡುಕುವುದು, ಆಧಾರು, ರೇಷನ್ ಕಾರ್ಡು ಹೊಂದಿಸುವುದು, ಕೊನೆಗೆ ಜಾಮೀನುದಾರನನ್ನು ಹಿಡಿದು ತರುವುದು ಅವಳ ಕೆಲಸ. ಈ ಕೊನೆಯದೇ ಕಲ್ಲು. ಜಡ್ಜು ಹದಿನೈದು ನಿಮಿಷದಲ್ಲಿ ಜಾಮೀನು ಕೊಡುತ್ತಾರೆ. ಜಾಮೀನಿಗೆ ನಿಲ್ಲುವವನು ಹದಿನೈದು ತಿಂಗಳಾದರೂ ಸಿಗುವುದಿಲ್ಲ. ನಿಲ್ಲುವವನ ಹತ್ತಿರ ಪಹಣಿ ಇರಬೇಕು, ಪಹಣಿಯಲ್ಲಿ ಜಮೀನು ಇರಬೇಕು. ಕೇರಿಯಲ್ಲಿ ಜಮೀನು ಯಾರಿಗಿದೆ? ಪುಟ್ಟತಾಯಮ್ಮನಿಗೆ ಒಂದೆಕರೆ ಇತ್ತು, ಅವಳಪ್ಪನಿಗೆ ಸರ್ಕಾರ ಕೊಟ್ಟದ್ದು. ಒಮ್ಮೆ ಅದನ್ನೇ ತಗೊಂಡು ಹೋಗಿದ್ದಳು. ಮಾರುವಂತಿಲ್ಲದ ಜಮೀನು, ಇದು ನಡೆಯಲ್ಲಮ್ಮ ಎಂದು ಗುಮಾಸ್ತ ಪಹಣಿಯನ್ನು ಮೇಜಿನ ಈಚೆಗೆ ತಳ್ಳಿದ್ದ.

ಅಂಥ ಹೊತ್ತಿನಲ್ಲಿ ಅವಳಿಗೆ ಹೊಳೆದದ್ದು ಪಟೇಲರ ಮನೆ. ಅವನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ, ತಮ್ಮನ ಹೆಸರಲ್ಲಿ, ಸೊಸೆಯ ಹೆಸರಲ್ಲಿ ಪಹಣಿಗಳು ಬಿದ್ದಿದ್ದವು. ಅಂಗಳದಲ್ಲಿ ನಿಂತು ಅಂಗಲಾಚಿದಳು. ನಟರಾಜಪ್ಪ ಎರಡನೆಯ ಮಾತಾಡಲಿಲ್ಲ. “ಬಡವ್ರಿಗಾಗ್ದಿದ್ ಮ್ಯಾಲೆ ನನ್ ಪಹಣಿ ಇದ್ದೇನು ಬಂತು ಪುಟ್ಟತಾಯಿ? ಎಷ್ಟ್ ಜನ ಅವ್ರೆ ಯೋಳು” ಎಂದ. ಅವಳು ಅಲ್ಲೇ ಅತ್ತಿದ್ದಳು. ಹನ್ನೊಂದು ಜನರ ಪಟ್ಟಿ ಮಾಡಿಕೊಟ್ಟಳು. ಹನ್ನೊಂದೂ ಜನ ಹೊರಗೆ ಬಂದರು. ಸನ್ಮಾನದ ದಿನ ಅವನು ಅವಳು ಮಾಡಿದ ಟೀ ಮುಟ್ಟದೆ ಜೀಪಿನಿಂದ ಬಾಟಲಿ ನೀರು ತರಿಸಿಕೊಂಡಿದ್ದ. ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡಿದ್ದಳು.

ಹೊಗೆಸೊಪ್ಪಿನ ಕಾಲಕ್ಕೆ ಸರಿಯಾಗಿ ಅವನಿಗೆ ಯಾಕೆ ದಯೆ ಹುಟ್ಟಿತು ಎಂದು ಅವಳು ಕೇಳಿಕೊಂಡಿರಲಿಲ್ಲ. ಊರಿನ ಕೂಲಿಯವರೆಲ್ಲ ಬೆಳಗಾದರೆ ಜೀಪು ಹತ್ತಿ ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿಯ ಮುಂದೆ ಕೂರಲು ಯಾರೂ ಒಪ್ಪುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿಕೊಂಡಿರಲಿಲ್ಲ.

“ಇನ್ನೊಂದ್ ಮಾತು ಯೋಳ್ಲಾ?” ಸೌಂದರ್ಯ ನೆಲದ ಮೇಲಿಂದಲೇ ಅಂದಳು. “ನನ್ ಗಂಡ ಪಂಪ್‌ಸೆಟ್ಟಿನ ಕೇಬಲ್ ಕದ್ದ ಅಂತ ಬರ್ಸಿದ್ದು ಯಾರು? ಪಟೇಲನ ತಮ್ಮನ ಮಗ. ಅಪ್ಪ-ಮಕ್ಳು ಒಳಿಕ್ ಆಕ್ಸೋದು, ದೊಡ್ಡಪ್ಪ ಈಚಿಗ್ ತರೋದು. ಮಧ್ಯದಲ್ಲಿ ನೀನು ದಲ್ಲಾಳಿ.”

ಪುಟ್ಟತಾಯಮ್ಮ ಸೆರಗಿನಿಂದ ಕಿವಿಯ ರಕ್ತ ಒರೆಸಿಕೊಂಡು ಎದ್ದಳು. “ನಡಿ” ಎಂದಳು.

ಬಿಸಿಲು ನೆತ್ತಿಗೆ ಬಂದಿತ್ತು. ಪಟೇಲನ ಹೊಲದಲ್ಲಿ ಸಾಲಾಗಿ ಮೂರು ಬ್ಯಾರನ್ನು, ಮೂರರ ಚಿಮಣಿಯಲ್ಲೂ ಹೊಗೆ. ಚಪ್ಪರದ ಕೆಳಗೆ ಎಂಟು ಹತ್ತು ಗಂಡಸರು ಹಸಿ ಸೊಪ್ಪನ್ನು ಕೋಲಿನಂಥ ಕಡ್ಡಿಗೆ ಕಟ್ಟುತ್ತಿದ್ದರು. ಎಲ್ಲರೂ ಅವಳ ಪಟ್ಟಿಯವರೇ. ಅವಳನ್ನು ನೋಡಿದರು, ಮತ್ತೆ ಸೊಪ್ಪು ನೋಡಿದರು. ಒಬ್ಬನೂ ‘ಅಕ್ಕ’ ಅನ್ನಲಿಲ್ಲ.

ಮಹೇಂದ್ರ ನಡುವಿನ ಬ್ಯಾರನ್ನಿನ ಒಲೆಯ ಮುಂದೆ ಇದ್ದ. ಕೂತಿರಲಿಲ್ಲ, ಮಂಡಿಯೂರಿ ಮುಂದಕ್ಕೆ ಬಾಗಿದ್ದ. ಬರಿಬೆನ್ನಿಗೆ ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದ್ದರು. ಹಚ್ಚಿದ್ದೆಲ್ಲ ಹಳದಿಯಾಗಿ ಕೆಳಗಿಳಿದು ಚಡ್ಡಿಯ ಪಟ್ಟಿಯನ್ನು ನೆನೆಸಿತ್ತು. ನೊಣ ಮುತ್ತಿದ್ದವು. ಆ ಬೆನ್ನಲ್ಲೇ ಅವನು ಸೌದೆ ತಳ್ಳುತ್ತಿದ್ದ.

ಸೌಂದರ್ಯ ಗಂಡನ ಹತ್ತಿರ ಹೋಗಿ ಸೆರಗಿನಿಂದ ನೊಣ ಓಡಿಸುತ್ತ ನಿಂತಳು.

“ಬಾ ಪುಟ್ಟತಾಯಿ.” ಹೊಂಗೆ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪಟೇಲ ಕೂತಿದ್ದ. ಬಿಳಿ ಪಂಚೆ, ಮೊಣಕಾಲ ಮೇಲೆ ಫೋನು. “ಲೋ, ಅವ್ಳಿಗೂ ಒಂದ್ ಟೀ ಕೊಡ್ರೋ, ಪೇಪರ್ ಲೋಟದಲ್ಲಿ. ಏನಮ್ಮಿ, ಇನ್ನೊಂದ್ ಲಿಸ್ಟ್ ತಂದ್ಯಾ?”

“ಯಾರು ಯಜಮಾನ್ರೇ, ಇವನ ಬೆನ್ನು ಸುಟ್ಟೋರು?”

“ನನ್ನ ಕೇಳ್ತೀಯಾ? ನನ್ ಕೈ ನೋಡು. ಒಂದ್ ಗೀರಾದ್ರೂ ಐತಾ? ನಾನು ಒಂದೇಟು ಒಡ್ದಿಲ್ಲ, ಒಂದ್ ಮಾತು ಬೈದಿಲ್ಲ. ಅಗೋ, ಅವ್ರನ್ನ ಕೇಳು. ನಿನ್ ಜನಾನೇ ಅಲ್ವಾ?”

ಚಪ್ಪರದ ಕೆಳಗೆ ಸೊಪ್ಪಿನ ಸದ್ದು ನಿಂತಿತು. ಅರವತ್ತು ದಾಟಿದ ಚಿಕ್ಕಣ್ಣ ಎದ್ದು ಬಂದ. ಕಾಡಂಚಿನಲ್ಲಿ ಒಂದು ಹೊರೆ ಸೌದೆ ಆಯ್ದದ್ದಕ್ಕೆ ಎರಡು ವರ್ಷ ಒಳಗಿದ್ದವನು. ಪುಟ್ಟತಾಯಮ್ಮನ ಅಪ್ಪನ ಜೊತೆ ಇದೇ ಪಟೇಲರ ಮನೆಯಲ್ಲಿ ದನ ಕಾದವನು.

“ನಾವೇ ಕಣವ್ವ.”

“ಏನು ನೀವೇ?”

“ಸುಕ್ರಾರ ಇವ್ನು ‘ಎಂಡ್ರು ಮಕ ನೋಡ್ಕಂಡ್ ಬತ್ತೀನಿ’ ಅಂತ ಯಾರಿಗೂ ಯೋಳ್ದೆ ಎದ್ದೋದ. ಒಲೆ ಆರೋಯ್ತು. ಒಂದ್ ಬ್ಯಾರನ್ ಸೊಪ್ಪು ಕರ್ರಗಾಯ್ತು. ಕೆರೆ ಏರಿ ಮ್ಯಾಲೆ ಇಡ್ಕಂಡ್ ಬಂದ್ವಿ. ಯಜಮಾನ್ರು ಬೈನಿಲ್ಲ. ‘ನಾಳೀಕೆ ವೋಗಿ ಹನ್ನೊಂದೂ ಜನದ ಜಾಮೀನು ವಾಪಸ್ ತಗೋತೀನಿ, ಎಲ್ರೂ ಗಂಟು ಕಟ್ಕಳಿ’ ಅಂದ್ರು. ‘ಬ್ಯಾಡ ಅಂದ್ರೆ, ಅವ್ನಿಗೆ ನೀವೇ ಬುದ್ಧಿ ಯೋಳ್ಕಳಿ’ ಅಂದ್ರು.” ಚಿಕ್ಕಣ್ಣ ತುಟಿ ಸವರಿಕೊಂಡ. “ಯೋಳ್ಕಂಡ್ವಿ.”

“ಎಂಗ್ ಯೋಳ್ಕಂಡ್ರಿ?”

“ಒಲೆ ಬಾಗ್ಲು ಕೆಂಪಗಿತ್ತು. ಬೆನ್ನ ಅದಕ್ಕೆ ಒತ್ತಿದ್ವಿ. ಕೂಗ್ದಂಗೆ ಬಾಯಿಗೆ ಸೊಪ್ಪು ತುರುಕಿದ್ರು. ಕಾಲು ನಾನೇ ಇಡ್ಕಂಡಿದ್ದೆ.”

ಪುಟ್ಟತಾಯಮ್ಮ ಅವನ ಕೆನ್ನೆಗೆ ಬಾರಿಸಿದಳು. ಮುದುಕನ ತಲೆಯ ವಲ್ಲಿ ಕಳಚಿ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ. “ಇನ್ನೊಂದ್ ಒಡಿ ಕಣವ್ವ” ಎಂದ. “ಒಳಿಕ್ ವೋಗಾಕಾಗಲ್ಲ ನಂಗೆ. ಅಲ್ಲೇ ಸತ್ರೆ ಎಣಾನೂ ಯಾರೂ ತರಾಕಿಲ್ಲ.”

ಪಟೇಲ ಗಹಗಹಿಸಿದ. “ನೋಡ್ದಾ? ನಾಯಿ ಸಾಕಿದ್ರೆ ಬಡಿಗೆ ಬೇಕು. ನಿಮ್ಮೋರ್ನ ಸಾಕಾಕೆ ಅದೂ ಬ್ಯಾಡ.”

“ನಾನು ಕಂಪ್ಲೇಂಟ್ ಕೊಡ್ತೀನಿ.”

“ಯಾರ್ ಮ್ಯಾಲೆ? ಸುಟ್ಟೋರ್ ಮ್ಯಾಲಾ? ಕೊಡು. ಹತ್ತೂ ಜನ ಒಳಿಕ್ ವೋಗ್ತಾರೆ, ಈ ಮುದ್ಕನೂ ಸೇರಿ. ಆಮ್ಯಾಕೆ ನೀನೇ ಬಂದು ನನ್ ಕಾಲ್ ಇಡ್ಕತೀಯ, ‘ಯಜಮಾನ್ರೇ, ಪಹಣಿ ಕೊಡಿ’ ಅಂತ.”

ಅವನಿಗೆ ಹಾಕುತ್ತಿದ್ದ ಬಹುವಚನ ಪುಟ್ಟತಾಯಮ್ಮನ ನಾಲಿಗೆಯಿಂದ ತಾನೇ ಉದುರಿತು.

“ಥೂ ನಿನ್ ಜಲ್ಮಕ್ಕೆ! ನಿಮ್ಮಪ್ಪ ನಮ್ಮಪ್ಪನ ಜೀತಕ್ ಇಟ್ಕಂಡಿದ್ದ. ಅವ್ನು ಜೀತ ಅಂತ್ಲೇ ಬಾಯಿಬುಟ್ಟು ಯೋಳೋನು ಕಣೋ. ನೀನು ಅದಕ್ಕೆ ಜಾಮೀನು ಅಂತ ಎಸ್ರು ಮಡಗಿದೀಯ!”

ಪಟೇಲ ಎದ್ದ. ಚಪ್ಪರದ ಕಂಬಕ್ಕೆ ಒರಗಿಸಿದ್ದ ಸೊಪ್ಪಿನ ಕಡ್ಡಿಗಳಲ್ಲಿ ಒಂದನ್ನು ಎಳೆದುಕೊಂಡ. ಅವಸರವಿಲ್ಲದೆ ಬಂದು ಅವಳ ಬಾಯಿಗೇ ಬೀಸಿದ. ಕೆಳತುಟಿ ಎರಡಾಯಿತು. ಒಂದು ಹಲ್ಲು ಅಲ್ಲಾಡಿ ನಾಲಿಗೆಗೆ ಸಿಕ್ಕಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಬಿದ್ದವಳ ಸೊಂಟಕ್ಕೆ.

“ಪಹಣಿ ಇಲ್ದೋಳಿಗೆ ನಾಲ್ಗೆ ಇಷ್ಟುದ್ದ ಇರಬಾರ್ದು ಕಣಮ್ಮಿ.” ಕಡ್ಡಿಯನ್ನು ಕಟ್ಟುವವರತ್ತ ಎಸೆದ. “ತಗಳ್ರೋ, ಮುರ್ದಿಲ್ಲ, ಸೊಪ್ಪು ಕಟ್ಟಿ.”

ಯಾರೋ ಅದನ್ನು ಎತ್ತಿಕೊಂಡರು. ಸೊಪ್ಪು ಕಟ್ಟಿದರು.

ಮಣ್ಣಿನಿಂದ ಅವಳನ್ನು ಸೌಂದರ್ಯ ಎತ್ತಿದಳು. ಬಾಯಿ ತೊಳೆಯಲು ಮಹೇಂದ್ರ ಚೆಂಬಲ್ಲಿ ನೀರು ತಂದ. ಬಗ್ಗಿ ಹುಯ್ಯುವಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

“ಅಕ್ಕ” ಎಂದ, ಒಲೆಯ ಸದ್ದಿಗಿಂತ ಕೆಳಗೆ. “ಬುಧುವಾರ ನಂದು ವಾಯಿದೆ. ನೀನು ಬಾ. ಏನೂ ಮಾಡ್ಬ್ಯಾಡ. ಸುಮ್ಕೆ ಬಾ.”

ಅವಳು ಹುಣಸೂರಿನ ಆಫೀಸಿಗೆ ವಾಪಸು ಬಂದಳು. “ಮೊದ್ಲು ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸ್ಕೊಳ್ಳಿ ಪುಟ್ಟತಾಯಮ್ಮ” ಎಂದರು ಕಿರಣ್‌ಕುಮಾರ್. ಕೆಟ್ಟವರಲ್ಲ. ತಾವೇ ಹತ್ತಿ, ಡೆಟಾಲು ತಂದಿಟ್ಟರು.

“ಮೊದ್ಲು ಕಂಪ್ಲೇಂಟ್ ಬರೀರಿ ಸಾರ್.”

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಯಾರ ಮೇಲೆ ಬರೀಲಿ? ಸುಟ್ಟಿದ್ದು ಅವರು. ಬರೆದರೆ ಹತ್ತು ಜನರ ಜಾಮೀನೂ ರದ್ದಾಗುತ್ತೆ, ಮೇಲೆ ಹೊಸ ಕೇಸು. ನಿಮಗೆ ಹೊಡೆದಿದ್ದಕ್ಕೆ ಬರೀಬಹುದು. ಬರೆದ ಮಾರನೇ ದಿನ ನಟರಾಜಪ್ಪ ಜಾಮೀನು ಹಿಂದಕ್ಕೆ ತಗೋತಾರೆ. ಹನ್ನೊಂದು ಮನೆ, ಯೋಚನೆ ಮಾಡಿ. ಸೊಪ್ಪಿನ ಕೆಲಸ ಇನ್ನೆರಡು ತಿಂಗಳು. ಆಮೇಲೆ ಅವರೇ ಬಿಡ್ತಾರೆ.”

“ಬುಡ್ತಾರೆ. ಮುಂದಿನ್ ವರ್ಸಕ್ಕೆ ಇನ್ನೊಂದ್ ಹನ್ನೊಂದು ಕೇಳ್ತಾರೆ.”

ಮೇಜಿನ ಮೇಲೆ ಹೊಸ ಪಟ್ಟಿ ಇತ್ತು. ಆರು ಹೆಸರು, ಹೋದ ವಾರ ಅವಳೇ ಜೈಲಿಗೆ ಹೋಗಿ ಬರೆದು ತಂದದ್ದು. ಪಕ್ಕದಲ್ಲಿ ವಕೀಲರ ಅಕ್ಷರದಲ್ಲಿ ‘ನಟರಾಜಪ್ಪ ಒಪ್ಪಿದ್ದಾರೆ’ ಎಂದಿತ್ತು. ಒಡೆದ ಫೋಟೋಗೆ ಆಗಲೇ ಹೊಸ ಗಾಜು ಹಾಕಿಸಿದ್ದರು. ಶುಕ್ರವಾರ ದೆಹಲಿಯಿಂದ ಸಂಸ್ಥೆ ನೋಡಲು ಜನ ಬರುವವರಿದ್ದರು.

“ಸಾರ್, ಕೃಷ್ಣರಾಜನಗರದಲ್ಲಿ ನಿಮ್ದು ನಾಲೆ ಕೆಳಗೆ ನಾಕೆಕ್ರೆ ಗದ್ದೆ ಐತಲ್ಲ?”

“ಇದೆ.”

“ಅದ್ರ ಪಹಣಿ ಕೊಡಿ. ಮಹೇಂದ್ರ ಒಬ್ಬನಿಗೆ. ಪಟೇಲನ್ದು ತೆಗ್ದು ನಿಮ್ದು ಮಡಗಣ.”

“ವಕೀಲನಾಗಿ ನಾನು ನಿಲ್ಲೋ ಹಾಗಿಲ್ಲ, ನಿಮಗೇ ಗೊತ್ತು.”

“ಗದ್ದೆ ನಿಮ್ಮಪ್ಪಾಜಿ ಎಸ್ರಲ್ಲಿ ಐತೆ. ಅವ್ರು ನಿಲ್ಬೌದು.”

“ಅಪ್ಪಾಜಿ... ಅವರು ಹಳೇ ಕಾಲದವರು. ಕಳ್ಳತನದ ಕೇಸು ಅಂದ್ರೆ... ಒಪ್ಪಲ್ಲ ಪುಟ್ಟತಾಯಮ್ಮ.”

“ಕೇಳಿದ್ರಾ?”

ಅವರು ಹತ್ತಿಯ ಉಂಡೆಯನ್ನು ಅವಳ ಕಡೆಗೆ ಸರಿಸಿದರು.

“ಏಳ್ ವರ್ಸದಿಂದ ಭಾಷಣದಲ್ಲಿ ಯೋಳ್ತೀರಲ್ಲ ಸಾರ್, ಇವ್ರೆಲ್ಲ ನಿರಪರಾಧಿಗಳು ಅಂತ. ಒಂದಪ ನಿಮ್ಮಪ್ಪಂಗೆ ಯೋಳಿ.” ಅವಳು ಪಟ್ಟಿಯನ್ನು ಎತ್ತಿ ಚೀಲದಲ್ಲಿ ಹಾಕಿಕೊಂಡು ಹೊರಟಳು. ಡೆಟಾಲು ಮುಟ್ಟಲಿಲ್ಲ.

ಬುಧವಾರ ಕೋರ್ಟಿನ ಅಂಗಳಕ್ಕೆ ಪಟೇಲನ ಜೀಪು ಹತ್ತೂವರೆಗೇ ಬಂತು. ಹಿಂದೆ ಮಹೇಂದ್ರ, ಅವನ ಎರಡು ಪಕ್ಕದಲ್ಲಿ ಕಾವಲಿಗೆ ಚಿಕ್ಕಣ್ಣ ಮತ್ತು ಇನ್ನೊಬ್ಬ. ಮಹೇಂದ್ರನಿಗೆ ಹೊಸ ಬಿಳಿ ಅಂಗಿ ತೊಡಿಸಿದ್ದರು. ಬೆನ್ನಿಗೆ ಅದು ಆಗಲೇ ಅಂಟಿಕೊಂಡಿತ್ತು.

“ಬೇಗ ಮುಗ್ಸಿ ವಕೀಲ್ರೇ” ಎಂದ ಪಟೇಲ. “ಐದನೇ ದಿನದ ಬೆಂಕಿ. ಆರಿದ್ರೆ ಸೊಪ್ಪು ಓಯ್ತದೆ.”

ಪುಟ್ಟತಾಯಮ್ಮ ಹಿಂದಿನ ಬೆಂಚಿನ ಪಕ್ಕ ನಿಂತಳು. ಊದಿದ ತುಟಿಯನ್ನು ಸೆರಗಲ್ಲಿ ಮುಚ್ಚಿದ್ದಳು. ಅವಳ ಮಗ್ಗುಲಲ್ಲಿ ಸೌಂದರ್ಯ. ಮಹೇಂದ್ರನ ಹೆಸರು ಕೂಗಿದರು. ಕಿರಣ್‌ಕುಮಾರ್ ಎದ್ದು, ಆರೋಪಿ ಹಾಜರಿದ್ದಾನೆ, ಮುಂದಿನ ದಿನಾಂಕ ಬೇಕು ಎಂದರು. ಜಡ್ಜು ಬರೆದುಕೊಳ್ಳಲು ತಲೆ ತಗ್ಗಿಸಿದರು.

“ಸ್ವಾಮಿ” ಎಂದ ಮಹೇಂದ್ರ. “ನಂಗೆ ಜಾಮೀನು ಬ್ಯಾಡ. ಒಳಿಕ್ ಕಳ್ಸಿ.”

ಕಿರಣ್‌ಕುಮಾರ್ ಅವನ ತೋಳು ಹಿಡಿದರು. ಅವನು ಕೊಡವಿ ಅಂಗಿಯ ಗುಂಡಿ ಬಿಚ್ಚಿದ. ಬೆನ್ನಿನಿಂದ ಬಟ್ಟೆ ಬಿಡಿಸುವಾಗ ಅದು ಪರ್ರೆಂದು ಸದ್ದು ಮಾಡಿತು. ತಿರುಗಿ ನಿಂತ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಬಾಯಿಗೆ ಕೈಯೊತ್ತಿಕೊಂಡು ಹೊರಗೆ ಓಡಿದಳು.

ಜಡ್ಜು ಪೆನ್ನು ಕೆಳಗಿಟ್ಟರು. “ಯಾರು ಮಾಡಿದ್ದು ಇದನ್ನ?”

ಮಹೇಂದ್ರನ ಕಣ್ಣು ಕಿಟಕಿಗೆ ಹೋಯಿತು. ಕಿಟಕಿಯ ಸರಳಿನಾಚೆ ಚಿಕ್ಕಣ್ಣನ ಮುಖವಿತ್ತು. ಮುದುಕ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

“ಯಾರೂ ಇಲ್ಲ ಸ್ವಾಮಿ. ಕಾಲು ಜಾರಿ ಒಲೆ ಮ್ಯಾಲೆ ಬಿದ್ದೆ.”

“ಹೆದರಬೇಡ. ಹೇಳು.”

“ಬಿದ್ದೆ ಸ್ವಾಮಿ.”

“ಮತ್ತೆ ಜೈಲಿಗೆ ಯಾಕೆ ಹೋಗ್ತೀಯ?”

“ಅಲ್ಲಿ ಒಲೆ ಇಲ್ಲ ಸ್ವಾಮಿ.”

ಜಡ್ಜು ಇನ್ನೂ ಎರಡು ಸಲ ಕೇಳಿದರು. ಕೊನೆಗೆ ಬಹಳ ಹೊತ್ತು ಬರೆದರು. ಮೊದಲು ಆಸ್ಪತ್ರೆ, ಆಮೇಲೆ ಜೈಲು.

ಅಂಗಳದಲ್ಲಿ ಪೊಲೀಸ್ ವ್ಯಾನು ನಿಂತಿತ್ತು. ಸೌಂದರ್ಯ ಗಂಡನ ಕೈಗೆ ಬುತ್ತಿಯ ಗಂಟು ಕೊಟ್ಟಳು. “ವೋಗು” ಎಂದಳು. “ಅಲ್ಲಾದ್ರೆ ವಾರಕ್ಕೊಂದಪ ಮಕ ನೋಡಾಕೆ ಬುಡ್ತಾರೆ.” ಅವನು ವ್ಯಾನಿನ ಮೆಟ್ಟಿಲು ಹತ್ತಿದ. ಜೀಪಿನ ಕಡೆ ನೋಡಲಿಲ್ಲ. ಬೆನ್ನು ಒರಗಿಸಲಾಗದೆ ಒಳಗೆ ನಿಂತೇ ಇದ್ದ. ವ್ಯಾನು ಹೊರಟಿತು.

ಪಟೇಲನ ಮುಖ ಕಪ್ಪಿಟ್ಟಿತ್ತು. ಆದರೆ ಅವನ ಚಿಂತೆ ಬೇರೆ. ಗಡಿಯಾರ ನೋಡಿಕೊಂಡ.

“ವೋದ್ರೆ ವೋಗ್ಲಿ ಬೇವರ್ಸಿ. ವಕೀಲ್ರೇ, ಆ ಆರ್ ಜನದಲ್ಲಿ ಗಟ್ಟಿಯಾಗಿರೋನ್ನ ಒಬ್ಬನ್ನ ಇವತ್ತೇ ಈಚಿಗ್ ತನ್ನಿ. ನಾನು ಇಲ್ಲೇ ಅವ್ನಿ, ಈಗ್ಲೇ ಸೈನಾಕ್ತೀನಿ. ಒಲೆ ಮುಂದೆ ಆಳಿಲ್ಲ.”

ಕಿರಣ್‌ಕುಮಾರ್ ನೆಲ ನೋಡಿದರು. ಆಮೇಲೆ ಮೆಲ್ಲಗೆ, “ಪುಟ್ಟತಾಯಮ್ಮ, ಆ ಪಟ್ಟಿ ನಿಮ್ಮ ಹತ್ರ ಇದೆ ಅಲ್ವಾ?” ಎಂದರು.

ಪುಟ್ಟತಾಯಮ್ಮ ಬಾಯಿಂದ ಸೆರಗು ತೆಗೆದಳು. ಬಾಗಿ ಬಲಗಾಲಿನ ಚಪ್ಪಲಿ ಕಳಚಿದಳು. ಪಟ್ಟಿ ಹುಡುಕುತ್ತಿದ್ದಾಳೆ ಎಂದುಕೊಂಡು ಪಟೇಲ ಕೈಚಾಚಿಕೊಂಡೇ ಇದ್ದ.

ಮೊದಲ ಏಟು ಎಡಗೆನ್ನೆಗೆ. ಅವನ ಫೋನು ಹಾರಿತು. ಎರಡನೆಯದು ಬಾಯಿಗೆ, ಅವಳಿಗೆ ಬಿದ್ದ ಜಾಗಕ್ಕೇ. ಮೂರನೆಯದು, ಅವಳು ಪೇಟ ಇಟ್ಟಿದ್ದ ತಲೆಗೆ. ಕೋರ್ಟಿನ ಜಗಲಿಯಲ್ಲಿದ್ದ ವಕೀಲರು, ಕಕ್ಷಿದಾರರು, ಟೈಪಿನವರು ಎಲ್ಲರೂ ಎದ್ದು ನಿಂತರು.

“ಇಡ್ಕಳ್ರೋ ಅವ್ಳ! ಬೋಳಿಮಕ್ಳಾ, ನೋಡ್ತಾ ನಿಂತಿದೀರಾ?” ಪಟೇಲ ಕಾವಲಿಗೆ ಬಂದವರ ಕಡೆ ಕಿರುಚಿದ. ಮೂಗಿಂದ ರಕ್ತ ಬಿಳಿ ಪಂಚೆಗೆ ತೊಟ್ಟಿಕ್ಕುತ್ತಿತ್ತು. “ಹತ್ತೂ ಜನದ್ ಜಾಮೀನೂ ವಾಪಸ್ ತಗೋತೀನಿ! ಇವತ್ತೇ! ಈಗ್ಲೇ!”

“ತಗಳೋ!” ಪುಟ್ಟತಾಯಮ್ಮನ ತುಟಿ ಮತ್ತೆ ಬಿರಿದಿತ್ತು. “ಒಳಿಕ್ ನಡಿ, ಬಾಗ್ಲು ತೆಗ್ದೇ ಐತೆ. ಹತ್ತೂ ಜನಾನ ವಾಪಸ್ ಕಳ್ಸು. ಮೂರ್ ಬ್ಯಾರನ್ನಿಗೂ ನಿನ್ ಸೊಸೆ ಕೈಲಿ ಸೌದೆ ಆಕ್ಸು. ವೋಗೋ!”

ಪಟೇಲ ಕೋರ್ಟಿನ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟ. ನಿಂತ. ಗಡಿಯಾರ ಕಟ್ಟಿದ್ದ ಕೈ ಮೇಲಕ್ಕೆ ಬಂತು, ಕೆಳಕ್ಕೆ ಹೋಯಿತು. ಅವನು ಬಾಗಿಲು ದಾಟಲಿಲ್ಲ.

ಅವನು ದಾಟಲಿಲ್ಲ ಎನ್ನುವುದನ್ನು ಚಿಕ್ಕಣ್ಣ ನೋಡಿದ.

ಪುಟ್ಟತಾಯಮ್ಮ ಎಡಗಾಲಿನದನ್ನೂ ಕಳಚಿ ಕಿರಣ್‌ಕುಮಾರರ ಕೈಯಲ್ಲಿದ್ದ ಫೈಲುಗಳ ಮೇಲೆ ಇಟ್ಟಳು. ಅದರ ಮೇಲೆ ಕೊರಳಿನ ಬೆಳಕಿಂಡಿ ಗುರುತಿನ ಚೀಟಿ ಇಟ್ಟಳು. ಆರು ಹೆಸರಿನ ಪಟ್ಟಿಯನ್ನು ಚೀಲದಿಂದ ತೆಗೆದು ನಾಲ್ಕಾಗಿ ಮಡಚಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಆ ಆರು ಜನ ಇವತ್ತು ಹೊರಗೆ ಬರುವುದಿಲ್ಲ, ನಾಳೆಯೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಎಲ್ಲಿಗೆ ಪುಟ್ಟ... ಶುಕ್ರವಾರ ಜನ ಬರ್ತಾರೆ...” ಎಂದರು ವಕೀಲರು.

ಅವಳು ಕಾದ ಜಲ್ಲಿಯ ಮೇಲೆ ಬರಿಗಾಲಲ್ಲಿ ಗೇಟಿನ ಕಡೆಗೆ ನಡೆದಳು. ‘ಅಕ್ಕಾ’ ಎಂದು ಸೌಂದರ್ಯ ಒಂದು ಸಲ ಕೂಗಿದಳು. ಅವಳು ತಿರುಗಲಿಲ್ಲ. ರಸ್ತೆ ದಾಟಿ, ಗಾವಡಗೆರೆ ಬಸ್ಸಿನ ಧೂಳಿನ ಹಿಂದೆ ಕಾಣದಾದಳು.

“ಜೀಪು ಹತ್ತಲೇ, ಮುದ್ಕ!” ಎಂದ ಪಟೇಲ. ಚಿಕ್ಕಣ್ಣ ಕಿಟಕಿಯ ಸರಳು ಹಿಡಿದುಕೊಂಡೇ ನಿಂತಿದ್ದ.

ಸಂಜೆ ಅಂಗಳ ಗುಡಿಸಲು ಬಂದ ಹೆಂಗಸಿಗೆ ಜೀಪು ನಿಂತಿದ್ದ ಜಾಗದಲ್ಲಿ ಒಂದು ಚಪ್ಪಲಿ, ಜಗಲಿಯ ಮೇಲೆ ಇನ್ನೊಂದು ಸಿಕ್ಕಿತು. ಎರಡನ್ನೂ ಜೋಡಿಸಿ ಎತ್ತಿ ಹಿಡಿದು, ಯಾರದ್ರಪ್ಪ ಇದು ಎಂದು ಕೇಳಿದಳು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ಅವಳು ಅವನ್ನು ಬಾಗಿಲ ಪಕ್ಕದಲ್ಲಿ, ಒಳಗೆ ಹೋಗುವವರಿಗೆಲ್ಲ ಕಾಣುವ ಹಾಗೆ ಇಟ್ಟು ಹೋದಳು.